2024ರ ಟೆನ್ನೆಸ್ಸೀ ವಾಲಂಟಿಯರ್ಸ್ ಬೇಸ್‌ಬಾಲ್ ತಂಡ

2024ರ ಟೆನ್ನೆಸ್ಸೀ ವಾಲಂಟಿಯರ್ಸ್ ಬೇಸ್‌ಬಾಲ್ ತಂಡವು ಅಮೆರಿಕ ಸಂಯುಕ್ತ ಸಂಸ್ಥಾನದ ಟೆನ್ನೆಸ್ಸೀ ರಾಜ್ಯದ ನಾಕ್ಸ್‌ವಿಲ್ ನಗರದಲ್ಲಿರುವ ಟೆನ್ನೆಸ್ಸೀ ವಿಶ್ವವಿದ್ಯಾಲಯವನ್ನು 2024ರ ಕಾಲೇಜು ಬೇಸ್‌ಬಾಲ್ ಕ್ರೀಡಾಋತುವಿನಲ್ಲಿ ಪ್ರತಿನಿಧಿಸಿದ ತಂಡವಾಗಿದೆ. ಮುಖ್ಯ ತರಬೇತುದಾರ ಟೋನಿ ವಿಟೆಲ್ಲೊ ಅವರ ಮಾರ್ಗದರ್ಶನದಲ್ಲಿ ಆಡಿದ ಈ ತಂಡವು 73 ಪಂದ್ಯಗಳಲ್ಲಿ 60ನ್ನು ಗೆದ್ದು 13ರಲ್ಲಿ ಸೋತಿತು. 2024ರ ಜೂನ್ 24ರಂದು ನೆಬ್ರಾಸ್ಕಾ ರಾಜ್ಯದ ಒಮಾಹಾ ನಗರದಲ್ಲಿ ಟೆಕ್ಸಸ್ ಎ ಅಂಡ್ ಎಮ್ ವಿಶ್ವವಿದ್ಯಾಲಯದ ತಂಡವನ್ನು 6-5 ಅಂತರದಿಂದ ಮಣಿಸಿ, ವಿಶ್ವವಿದ್ಯಾಲಯದ ಇತಿಹಾಸದಲ್ಲೇ ಮೊದಲ ಬಾರಿಗೆ ಬೇಸ್‌ಬಾಲ್ ರಾಷ್ಟ್ರೀಯ ಪ್ರಶಸ್ತಿಯನ್ನು ಪಡೆಯಿತು. ಪಂದ್ಯಾವಳಿಯಲ್ಲಿ ಮೊದಲ ಶ್ರೇಯಾಂಕ ಪಡೆದ ತಂಡವೇ ಪ್ರಶಸ್ತಿ ಗೆದ್ದದ್ದು 1999ರ ಬಳಿಕ ಇದೇ ಮೊದಲು.

ಈ ತಂಡದ ಯಶಸ್ಸು ಅಂಕಿ-ಅಂಶಗಳ ದೃಷ್ಟಿಯಿಂದ ಮಾತ್ರ ಗಮನಾರ್ಹವಲ್ಲ. ಅಮೆರಿಕದ ಕಾಲೇಜು ಕ್ರೀಡೆಯು ಹವ್ಯಾಸಿ ಸ್ವರೂಪವನ್ನು ಕಳಚಿಕೊಂಡು ಆಟಗಾರರಿಗೆ ಹಣ ನೀಡುವ ವ್ಯವಸ್ಥೆಯತ್ತ ಸಾಗುತ್ತಿದ್ದ ಸಂಧಿಕಾಲದಲ್ಲಿ ಈ ಗೆಲುವು ದೊರೆತುದರಿಂದ, ಇದನ್ನು ತರಬೇತಿಯ ಫಲವೆನ್ನಬೇಕೋ ಹಣಬಲದ ಫಲವೆನ್ನಬೇಕೋ ಎಂಬ ಚರ್ಚೆಗೂ ಈ ತಂಡವು ವಸ್ತುವಾಯಿತು.

ಹಿನ್ನೆಲೆ

1812ರ ಯುದ್ಧದಲ್ಲಿ ಸ್ವಯಂಪ್ರೇರಿತರಾಗಿ ಸೇನೆಗೆ ಸೇರಿದವರ ನೆನಪಿನಲ್ಲಿ ಟೆನ್ನೆಸ್ಸೀಗೆ 'ಸ್ವಯಂಸೇವಕರ ರಾಜ್ಯ' ಎಂಬ ಹೆಸರು ಅಂಟಿಕೊಂಡಿದೆ. ವಿಶ್ವವಿದ್ಯಾಲಯದ ತಂಡಗಳಿಗೆ 'ವಾಲಂಟಿಯರ್ಸ್' ಎಂಬ ಹೆಸರು ಬಂದದ್ದೂ ಅಲ್ಲಿಂದಲೇ. ಈ ವಿಶ್ವವಿದ್ಯಾಲಯದಲ್ಲಿ ಬಹುಕಾಲದಿಂದ ಪ್ರಾಧಾನ್ಯ ಪಡೆದಿದ್ದುದು ಅಮೆರಿಕನ್ ಫುಟ್‌ಬಾಲ್ ಮತ್ತು ಮಹಿಳೆಯರ ಬ್ಯಾಸ್ಕೆಟ್‌ಬಾಲ್. ಬೇಸ್‌ಬಾಲ್ ತಂಡವು 1951ರಲ್ಲಿ ರಾಷ್ಟ್ರೀಯ ಫೈನಲ್ ತಲುಪಿ ಒಕ್ಲಹೋಮಾ ವಿರುದ್ಧ ಸೋತಿತ್ತು. ಆ ಬಳಿಕ 1995, 2001 ಮತ್ತು 2005ರಲ್ಲಿ ಒಮಾಹಾದ ಅಂತಿಮ ಘಟ್ಟಕ್ಕೆ ಹೋಗಿ ಬರಿಗೈಯಲ್ಲಿ ಮರಳಿತ್ತು. 2005ರ ನಂತರದ ಹದಿನೈದು ವರ್ಷಗಳು ಬಹುಮಟ್ಟಿಗೆ ಶುಷ್ಕವಾಗಿದ್ದವು.

2017ರ ಜೂನ್‌ನಲ್ಲಿ ಟೋನಿ ವಿಟೆಲ್ಲೊ ಅವರನ್ನು ಮುಖ್ಯ ತರಬೇತುದಾರರನ್ನಾಗಿ ನೇಮಿಸಲಾಯಿತು. ಮಿಸೌರಿ, ಟೆಕ್ಸಸ್ ಕ್ರಿಶ್ಚಿಯನ್ ಮತ್ತು ಆರ್ಕನ್ಸಾ ವಿಶ್ವವಿದ್ಯಾಲಯಗಳಲ್ಲಿ ಸಹಾಯಕ ತರಬೇತುದಾರರಾಗಿದ್ದ ಅವರಿಗೆ ಅದಕ್ಕೆ ಮೊದಲು ಮುಖ್ಯ ಹೊಣೆ ಹೊತ್ತ ಅನುಭವವಿರಲಿಲ್ಲ. ಪ್ರೌಢಶಾಲಾ ಆಟಗಾರರನ್ನು ಗುರುತಿಸಿ ಒಲಿಸಿಕೊಳ್ಳುವುದರಲ್ಲಿ ಅವರಿಗಿದ್ದ ಹೆಸರೇ ನೇಮಕಕ್ಕೆ ಆಧಾರವಾಗಿತ್ತು. ಪಿಚಿಂಗ್ ವಿಭಾಗಕ್ಕೆ ಫ್ರಾಂಕ್ ಆಂಡರ್ಸನ್, ಬ್ಯಾಟಿಂಗ್ ಹಾಗೂ ಆಟಗಾರರ ನೇಮಕಕ್ಕೆ ಜಾಶ್ ಎಲಾಂಡರ್ ಅವರ ಜೊತೆಗಿದ್ದರು. 2021ರಲ್ಲಿ ತಂಡವು ಮತ್ತೆ ಒಮಾಹಾ ತಲುಪಿತು, 2023ರಲ್ಲಿಯೂ ತಲುಪಿತು.

ಈ ಎರಡು ವರ್ಷಗಳ ನಡುವಿನ 2022ರ ಋತುವನ್ನು ಅರಿಯದೆ 2024ರ ಗೆಲುವಿನ ತೂಕ ಅರ್ಥವಾಗುವುದಿಲ್ಲ. ಆ ವರ್ಷದ ಟೆನ್ನೆಸ್ಸೀ ತಂಡವು 66 ಪಂದ್ಯಗಳಲ್ಲಿ 57ನ್ನು ಗೆದ್ದು, 158 ಹೋಮ್ ರನ್‌ಗಳನ್ನು ಬಾರಿಸಿತ್ತು. ಅದರ ಪಿಚರ್ ಬೆನ್ ಜಾಯ್ಸ್ ಗಂಟೆಗೆ 105.5 ಮೈಲಿ, ಅಂದರೆ ಸುಮಾರು 170 ಕಿಲೋಮೀಟರ್ ವೇಗದಲ್ಲಿ ಚೆಂಡೆಸೆದು ಸುದ್ದಿಯಾಗಿದ್ದರು. (ಕ್ರಿಕೆಟ್‌ನ ವೇಗದ ದಾಖಲೆ 161.3 ಕಿಲೋಮೀಟರ್. ಆದರೆ ಕೈ ಮಡಿಚದೆ ಮಾಡುವ ಬೌಲಿಂಗ್‌ಗೂ ಕೈ ಮಡಿಚಿ ಎಸೆಯುವ ಪಿಚಿಂಗ್‌ಗೂ ನೇರ ಹೋಲಿಕೆ ಸಲ್ಲದು.) ಹಲವರ ಅಭಿಪ್ರಾಯದಲ್ಲಿ ಅದು 2024ರ ತಂಡಕ್ಕಿಂತಲೂ ಪ್ರಬಲವಾದ ತಂಡ. ಆದರೂ ಮೊದಲ ಶ್ರೇಯಾಂಕದ ಆ ತಂಡವು ತನ್ನದೇ ಅಂಗಳದಲ್ಲಿ, ಒಮಾಹಾ ತಲುಪಲು ಒಂದೇ ಗೆಲುವು ಬೇಕಿದ್ದಾಗ, ನಾಟರ್ ಡೇಮ್ ವಿಶ್ವವಿದ್ಯಾಲಯಕ್ಕೆ ಸೋತು ಹೊರಬಿದ್ದಿತು.

ಪಂದ್ಯಾವಳಿಯ ಸ್ವರೂಪ ಮತ್ತು ಮೊದಲ ಶ್ರೇಯಾಂಕದ ಕಷ್ಟ

ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ರಾಷ್ಟ್ರೀಯ ಕಾಲೇಜು ಅಥ್ಲೆಟಿಕ್ ಸಂಘವು (ಎನ್‌ಸಿಎಎ) 1999ರಿಂದ 64 ತಂಡಗಳ ಪಂದ್ಯಾವಳಿಯನ್ನು ನಡೆಸುತ್ತಿದೆ. ಮೊದಲಿಗೆ ನಾಲ್ಕು ತಂಡಗಳಂತೆ 16 ಕೇಂದ್ರಗಳಲ್ಲಿ 'ರೀಜನಲ್' ಹಂತ ನಡೆಯುತ್ತದೆ. ಇಲ್ಲಿ ಎರಡು ಬಾರಿ ಸೋತ ತಂಡ ನಿರ್ಗಮಿಸುತ್ತದೆ. ಉಳಿದ 16 ತಂಡಗಳು ಇಬ್ಬಿಬ್ಬರಾಗಿ 'ಸೂಪರ್ ರೀಜನಲ್'ನಲ್ಲಿ ಮೂರು ಪಂದ್ಯಗಳ ಸರಣಿ ಆಡುತ್ತವೆ. ಅಲ್ಲಿ ಗೆದ್ದ ಎಂಟು ತಂಡಗಳು ಒಮಾಹಾದಲ್ಲಿ ನಡೆಯುವ 'ಕಾಲೇಜ್ ವರ್ಲ್ಡ್ ಸೀರೀಸ್'ಗೆ ಅರ್ಹತೆ ಪಡೆಯುತ್ತವೆ. 1950ರಿಂದ ಈ ಸ್ಪರ್ಧೆ ಒಮಾಹಾವನ್ನು ಬಿಟ್ಟು ಕದಲಿಲ್ಲ. ಎಂಟು ತಂಡಗಳು ಎರಡು ಗುಂಪುಗಳಾಗಿ ಆಡಿ, ಗುಂಪಿನ ವಿಜೇತರು ಮತ್ತೆ ಮೂರು ಪಂದ್ಯಗಳ ಫೈನಲ್‌ನಲ್ಲಿ ಎದುರಾಗುತ್ತಾರೆ.

ಈ ವ್ಯವಸ್ಥೆ ಜಾರಿಗೆ ಬಂದ ಮೊದಲ ವರ್ಷವೇ, ಅಂದರೆ 1999ರಲ್ಲಿ, ಮೊದಲ ಶ್ರೇಯಾಂಕದ ಮಯಾಮಿ ತಂಡ ಪ್ರಶಸ್ತಿ ಗೆದ್ದಿತು. 2000ದಿಂದ 2023ರವರೆಗೆ ನಡೆದ 23 ಪಂದ್ಯಾವಳಿಗಳಲ್ಲಿ (2020ರಲ್ಲಿ ಕೋವಿಡ್ ಕಾರಣದಿಂದ ಸ್ಪರ್ಧೆ ನಡೆಯಲಿಲ್ಲ) ಮೊದಲ ಶ್ರೇಯಾಂಕದ ಒಂದು ತಂಡವೂ ಗೆಲ್ಲಲಿಲ್ಲ. ಇದನ್ನು ಶಾಪವೆಂದು ವರ್ಣಿಸಿದವರುಂಟು. ಆದರೆ ಶಾಪದ ಅಗತ್ಯವಿಲ್ಲದೆಯೇ ಇದನ್ನು ವಿವರಿಸಬಹುದು. ಒಂದು ತಂಡವು ಪ್ರತಿ ಪಂದ್ಯವನ್ನೂ ಗೆಲ್ಲುವ ಸಾಧ್ಯತೆ ನೂರಕ್ಕೆ 75 ಎಂದಿಟ್ಟುಕೊಳ್ಳೋಣ. ಮೂರು ಪಂದ್ಯಗಳ ಸರಣಿಯನ್ನು ಅದು ಗೆಲ್ಲುವ ಸಾಧ್ಯತೆ ನೂರಕ್ಕೆ 84. ನಾಲ್ಕು ಹಂತಗಳನ್ನೂ ಅಂಥ ಸರಣಿಗಳಿಗೆ ಸಮನೆಂದು ಭಾವಿಸಿದರೆ, ನಾಲ್ಕನ್ನೂ ದಾಟುವ ಸಾಧ್ಯತೆ ಕೇವಲ 51ಕ್ಕೆ ಇಳಿಯುತ್ತದೆ. ಎದುರಾಳಿಗಳು ಬಲಿಷ್ಠರಾಗಿ ಪ್ರತಿ ಪಂದ್ಯದ ಸಾಧ್ಯತೆ 65ಕ್ಕೆ ಇಳಿದರೆ, ಪ್ರಶಸ್ತಿಯ ಸಾಧ್ಯತೆ 27ರ ಆಸುಪಾಸಿನಲ್ಲಿರುತ್ತದೆ. ಅಂದರೆ ದೇಶದ ಅತ್ಯುತ್ತಮ ತಂಡಕ್ಕೂ ಸೋಲುವ ಸಂಭವವೇ ಹೆಚ್ಚು.

ಇದಕ್ಕೆ ಪಿಚರ್‌ಗಳ ಆಯಾಸವೂ ಸೇರುತ್ತದೆ. ಕಾಲೇಜು ಲೀಗ್‌ಗಳ ಪಂದ್ಯಗಳು ಸಾಮಾನ್ಯವಾಗಿ ಶುಕ್ರವಾರ, ಶನಿವಾರ, ಭಾನುವಾರಗಳಂದು ಮೂರರ ಸರಣಿಗಳಾಗಿ ನಡೆಯುತ್ತವೆ. ಪ್ರತಿ ತಂಡಕ್ಕೂ ವಾರಕ್ಕೊಮ್ಮೆ ಆರಂಭಿಸುವ ಮೂವರು ಒಳ್ಳೆಯ ಪಿಚರ್‌ಗಳಿದ್ದರೆ ಸಾಕು. ಪಂದ್ಯಾವಳಿಯಲ್ಲಿ ಒಂದು ಸೋಲು ಹೆಚ್ಚುವರಿ ಪಂದ್ಯಗಳನ್ನು ತಂದೊಡ್ಡುತ್ತದೆ, ಆಗ ನಾಲ್ಕನೆಯ, ಐದನೆಯ ಪಿಚರ್‌ಗಳ ಮೇಲೆ ತಂಡದ ಭವಿಷ್ಯ ನಿಲ್ಲುತ್ತದೆ. ಕ್ರಿಕೆಟ್ ಬಲ್ಲ ಓದುಗರು ಇದನ್ನು ಪ್ರಮುಖ ಬೌಲರ್‌ಗಳ ಓವರುಗಳೆಲ್ಲ ಮುಗಿದ ಮೇಲೆ ಕೊನೆಯ ಓವರುಗಳನ್ನು ಯಾರಿಗೆ ಕೊಡುವುದೆಂಬ ನಾಯಕನ ಇಕ್ಕಟ್ಟಿಗೆ ಹೋಲಿಸಬಹುದು.

ಲೀಗ್ ಹಂತ

ಟೆನ್ನೆಸ್ಸೀಯು ಸೌತ್‌ಈಸ್ಟರ್ನ್ ಕಾನ್ಫರೆನ್ಸ್ (ಎಸ್‌ಇಸಿ) ಎಂಬ ವಿಶ್ವವಿದ್ಯಾಲಯಗಳ ಒಕ್ಕೂಟದ ಸದಸ್ಯ. 2024ರ ಫೆಬ್ರವರಿ 16ರಂದು ಆರಂಭವಾದ ಋತುವಿನಲ್ಲಿ ತಂಡವು ಲೀಗ್ ಹಂತದ ಅಂತ್ಯಕ್ಕೆ 46 ಗೆಲುವು, 10 ಸೋಲು ಕಂಡಿತ್ತು. ಒಕ್ಕೂಟದೊಳಗಿನ 30 ಪಂದ್ಯಗಳಲ್ಲಿ 22ನ್ನು ಗೆದ್ದು ಕೆಂಟಕಿಯೊಂದಿಗೆ ಅಗ್ರಸ್ಥಾನವನ್ನು ಹಂಚಿಕೊಂಡಿತು. ಅಲಬಾಮಾ ರಾಜ್ಯದ ಹೂವರ್‌ನಲ್ಲಿ ನಡೆದ ಒಕ್ಕೂಟದ ಪಂದ್ಯಾವಳಿಯಲ್ಲಿ ಮೊದಲ ಪಂದ್ಯವನ್ನೇ ವಾಂಡರ್‌ಬಿಲ್ಟ್‌ಗೆ 13-4ರಿಂದ ಸೋತರೂ, ಅನಂತರ ಸತತ ನಾಲ್ಕು ಪಂದ್ಯ ಗೆದ್ದು, ಫೈನಲ್‌ನಲ್ಲಿ ಲೂಯಿಸಿಯಾನ ರಾಜ್ಯ ವಿಶ್ವವಿದ್ಯಾಲಯವನ್ನು (ಎಲ್‌ಎಸ್‌ಯು) 4-3ರಿಂದ ಸೋಲಿಸಿತು. ಋತುವಿನ ಕೊನೆಗೆ 60 ಗೆಲುವುಗಳನ್ನು ಮುಟ್ಟಿದ ಈ ಒಕ್ಕೂಟದ ಮೊದಲ ತಂಡವೂ ಇದೇ.

ಬ್ಯಾಟಿಂಗ್

ತಂಡದ ನಿಜವಾದ ಗುರುತು ಹೋಮ್ ರನ್. ಬೇಸ್‌ಬಾಲ್‌ನಲ್ಲಿ ಚೆಂಡನ್ನು ನೇರವಾಗಿ ಬೇಲಿಯಾಚೆಗೆ ಹೊಡೆಯುವುದನ್ನು ಹೋಮ್ ರನ್ ಎನ್ನುತ್ತಾರೆ. ನೋಟಕ್ಕೆ ಇದು ಕ್ರಿಕೆಟ್‌ನ ಸಿಕ್ಸರ್‌ನಂತಿದ್ದರೂ ಬೆಲೆ ಬೇರೆ. ಒಂದು ಹೋಮ್ ರನ್‌ಗೆ ಕನಿಷ್ಠ ಒಂದು, ಬೇಸ್‌ಗಳಲ್ಲಿ ಸಹ ಆಟಗಾರರು ನಿಂತಿದ್ದರೆ ಗರಿಷ್ಠ ನಾಲ್ಕು ರನ್ ದೊರೆಯುತ್ತವೆ. ಟೆನ್ನೆಸ್ಸೀ 73 ಪಂದ್ಯಗಳಲ್ಲಿ 184 ಹೋಮ್ ರನ್ ಬಾರಿಸಿತು. ಪಂದ್ಯವೊಂದಕ್ಕೆ ಸರಾಸರಿ ಎರಡೂವರೆ. ಕಾಲೇಜು ಬೇಸ್‌ಬಾಲ್‌ನ ಇತಿಹಾಸದಲ್ಲಿ ಇದಕ್ಕಿಂತ ಹೆಚ್ಚು ಬಾರಿಸಿರುವುದು 1997ರ ಎಲ್‌ಎಸ್‌ಯು ತಂಡ (188) ಮಾತ್ರ.

ಕ್ರಿಶ್ಚಿಯನ್ ಮೂರ್ 34, ಬಿಲ್ಲಿ ಏಮಿಕ್ ಮತ್ತು ಡಿಲನ್ ಡ್ರೈಲಿಂಗ್ ತಲಾ 23, ಬ್ಲೇಕ್ ಬರ್ಕ್ ಮತ್ತು ಕವಾರೆಸ್ ಟಿಯರ್ಸ್ ತಲಾ 20 ಹೋಮ್ ರನ್ ಗಳಿಸಿದರು. ಒಂದೇ ತಂಡದ ಐವರು ಒಂದೇ ಋತುವಿನಲ್ಲಿ 20ರ ಗಡಿ ಮುಟ್ಟಿದ್ದು ಎನ್‌ಸಿಎಎ ಇತಿಹಾಸದಲ್ಲಿ ಮೊದಲ ಬಾರಿ. ಐವರ ಮೊತ್ತ 120, ಅಂದರೆ ತಂಡದ ಒಟ್ಟು ಹೋಮ್ ರನ್‌ಗಳ ಮೂರನೆಯ ಎರಡು ಭಾಗ. ಎದುರಾಳಿ ಪಿಚರ್ ಒಬ್ಬರನ್ನು ಜಾಗರೂಕತೆಯಿಂದ ನಿಭಾಯಿಸಿದರೆ ಇನ್ನೊಬ್ಬರು ಕಾದಿರುತ್ತಿದ್ದರು.

ನಾಕ್ಸ್‌ವಿಲ್‌ನ ಲಿಂಡ್ಸೆ ನೆಲ್ಸನ್ ಕ್ರೀಡಾಂಗಣ ಚಿಕ್ಕದಾಗಿರುವುದೇ ಈ ಸಂಖ್ಯೆಗಳಿಗೆ ಕಾರಣವೆಂಬ ಟೀಕೆ ಇತ್ತು. ಅಲ್ಲಿ ಎಡ ಮತ್ತು ಬಲ ಅಂಚಿನ ಬೇಲಿಗಳು 320 ಅಡಿ, ಮಧ್ಯದ ಬೇಲಿ 390 ಅಡಿ ದೂರದಲ್ಲಿವೆ. ಟೀಕೆಯಲ್ಲಿ ಹುರುಳಿಲ್ಲದಿಲ್ಲ. ಆದರೆ ಒಮಾಹಾದ ಕ್ರೀಡಾಂಗಣದಲ್ಲಿ ಇದೇ ದೂರಗಳು 335 ಮತ್ತು 408 ಅಡಿ. ಹೋಮ್ ರನ್ ಅಲ್ಲಿ ದುರ್ಲಭ. ಫೈನಲ್‌ನ ನಿರ್ಣಾಯಕ ರನ್‌ಗಳು ಅಲ್ಲಿಯೂ ಹೋಮ್ ರನ್‌ಗಳಿಂದಲೇ ಬಂದವು. ಇನ್ನೊಂದು ಅಂಶವನ್ನೂ ಗಮನಿಸಬೇಕು. ಎಲ್‌ಎಸ್‌ಯು ದಾಖಲೆ ಮಾಡಿದ ಕಾಲದಲ್ಲಿ ಲೋಹದ ಬ್ಯಾಟುಗಳ ಪುಟಿಯುವ ಶಕ್ತಿಗೆ ಈಗಿನಷ್ಟು ಕಡಿವಾಣವಿರಲಿಲ್ಲ. 2011ರಿಂದ ಕಾಲೇಜು ಬ್ಯಾಟುಗಳು ಮರದ ಬ್ಯಾಟಿನ ಗುಣಕ್ಕೆ ಹತ್ತಿರವಿರಬೇಕೆಂಬ ಮಾನದಂಡ ಬಂದಿತು. ಹೋಮ್ ರನ್‌ಗಳು ತೀರಾ ಕಡಿಮೆಯಾದಾಗ, 2015ರಲ್ಲಿ ಹೊಲಿಗೆಯ ಉಬ್ಬು ತಗ್ಗಿಸಿದ ಚೆಂಡನ್ನು ಬಳಕೆಗೆ ತರಲಾಯಿತು; ಗಾಳಿಯ ತಡೆ ಕಡಿಮೆಯಾದ್ದರಿಂದ ಇದು ಹೆಚ್ಚು ದೂರ ಹಾರುತ್ತದೆ. ಹೀಗಾಗಿ ಎರಡು ಕಾಲಘಟ್ಟಗಳ ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟು ತೂಗುವುದು ಅಷ್ಟು ಸರಳವಲ್ಲ.

ಎವನ್ಸ್‌ವಿಲ್ ಸರಣಿ

ರೀಜನಲ್ ಹಂತದ ಮೂರೂ ಪಂದ್ಯಗಳನ್ನು ಟೆನ್ನೆಸ್ಸೀ ಸುಲಭವಾಗಿ ಗೆದ್ದಿತು. ಸೂಪರ್ ರೀಜನಲ್‌ನಲ್ಲಿ ಎದುರಾದದ್ದು ಇಂಡಿಯಾನಾ ರಾಜ್ಯದ ಪುಟ್ಟ ಖಾಸಗಿ ಸಂಸ್ಥೆಯಾದ ಎವನ್ಸ್‌ವಿಲ್ ವಿಶ್ವವಿದ್ಯಾಲಯ. ತನ್ನ ರೀಜನಲ್‌ನಲ್ಲಿ ನಾಲ್ಕನೆಯ, ಅಂದರೆ ಕೊನೆಯ ಶ್ರೇಯಾಂಕ ಪಡೆದಿದ್ದ ಈ ತಂಡ ಅಲ್ಲಿ ಎಲ್ಲರನ್ನೂ ಹಿಂದಿಕ್ಕಿ ಬಂದಿತ್ತು. ಮೊದಲ ಪಂದ್ಯವನ್ನು ಟೆನ್ನೆಸ್ಸೀ 11-6ರಿಂದ ಗೆದ್ದಿತು. ಎರಡನೆಯದನ್ನು ಎವನ್ಸ್‌ವಿಲ್ 10-8ರಿಂದ ಗೆದ್ದುಕೊಂಡಾಗ, ಎರಡು ವರ್ಷಗಳ ಹಿಂದೆ ಅದೇ ಅಂಗಳದಲ್ಲಿ ನಡೆದದ್ದು ನಾಕ್ಸ್‌ವಿಲ್‌ನ ಪ್ರೇಕ್ಷಕರಿಗೆ ನೆನಪಾಗದಿರಲು ಸಾಧ್ಯವಿರಲಿಲ್ಲ. ಮೂರನೆಯ ಪಂದ್ಯ 12-1ರಿಂದ ಏಕಪಕ್ಷೀಯವಾಗಿ ಮುಗಿಯಿತು.

ಈ ಸರಣಿಯನ್ನು ಟೆನ್ನೆಸ್ಸೀಯ ಹಾದಿಯ ಸಣ್ಣ ಅಡಚಣೆಯೆಂದು ದಾಟಿಬಿಡುವುದು ವಾಡಿಕೆ. ಆದರೆ ಎರಡೂ ಸಂಸ್ಥೆಗಳ ಸಂಪನ್ಮೂಲಗಳ ಅಂತರವನ್ನು ನೆನೆದರೆ, ಸರಣಿ ಮೂರನೆಯ ಪಂದ್ಯಕ್ಕೆ ಹೋದದ್ದೇ ಆ ವರ್ಷದ ಪಂದ್ಯಾವಳಿಯ ಗಮನಾರ್ಹ ಸಂಗತಿಗಳಲ್ಲೊಂದು.

ಒಮಾಹಾ

2024ರಲ್ಲಿ ಒಮಾಹಾ ತಲುಪಿದ ಎಂಟು ತಂಡಗಳೂ ಎರಡೇ ಒಕ್ಕೂಟಗಳಿಗೆ ಸೇರಿದ್ದವು. ಟೆನ್ನೆಸ್ಸೀ, ಟೆಕ್ಸಸ್ ಎ ಅಂಡ್ ಎಮ್, ಕೆಂಟಕಿ ಮತ್ತು ಫ್ಲಾರಿಡಾ ಎಸ್‌ಇಸಿಯವು. ಫ್ಲಾರಿಡಾ ಸ್ಟೇಟ್, ನಾರ್ತ್ ಕ್ಯಾರೊಲಿನಾ, ನಾರ್ತ್ ಕ್ಯಾರೊಲಿನಾ ಸ್ಟೇಟ್ ಮತ್ತು ವರ್ಜೀನಿಯಾ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್‌ನವು. ಒಂದು ಕಾಲದಲ್ಲಿ ಈ ಆಟದ ತವರೆನಿಸಿದ್ದ ಪಶ್ಚಿಮ ಕರಾವಳಿಯಿಂದ ಒಂದು ತಂಡವೂ ಇರಲಿಲ್ಲ.

ಜೂನ್ 14ರಂದು ಫ್ಲಾರಿಡಾ ಸ್ಟೇಟ್ ವಿರುದ್ಧ ನಡೆದ ಮೊದಲ ಪಂದ್ಯವೇ ಋತುವಿನ ಅತ್ಯಂತ ರೋಚಕ ಪಂದ್ಯವಾಯಿತು. ಆರು ಬಾರಿ ಬ್ಯಾಟ್ ಹಿಡಿದ ಮೂರ್ ಐದು ಹಿಟ್ ಗಳಿಸಿ 'ಸೈಕಲ್' ಪೂರೈಸಿದರು. ಒಂದೇ ಪಂದ್ಯದಲ್ಲಿ ಸಿಂಗಲ್, ಡಬಲ್, ಟ್ರಿಪಲ್ ಮತ್ತು ಹೋಮ್ ರನ್ ನಾಲ್ಕನ್ನೂ ಗಳಿಸುವುದನ್ನು ಬೇಸ್‌ಬಾಲ್‌ನಲ್ಲಿ ಹೀಗೆನ್ನುತ್ತಾರೆ. ಕಾಲೇಜ್ ವರ್ಲ್ಡ್ ಸೀರೀಸ್‌ನಲ್ಲಿ ಇದಕ್ಕೆ ಮೊದಲು ಈ ಸಾಧನೆ ಮಾಡಿದ್ದವರು ಮಿನೆಸೋಟಾ ವಿಶ್ವವಿದ್ಯಾಲಯದ ಜೆರಿ ಕಿಂಡಲ್ ಒಬ್ಬರೇ. ಅದು 1956ರಲ್ಲಿ. (ಕಿಂಡಲ್ ಮುಂದೆ ತರಬೇತುದಾರರಾಗಿ ಅರಿಜೋನಾಗೆ ಮೂರು ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟರು.) ಮೂರ್ ಅವರ ಆಟದ ಹೊರತಾಗಿಯೂ ಟೆನ್ನೆಸ್ಸೀ ಒಂಬತ್ತನೆಯ, ಅಂದರೆ ಕೊನೆಯ ಇನ್ನಿಂಗ್ಸ್‌ಗೆ ಬಂದಾಗ 11-8ರಿಂದ ಹಿಂದಿತ್ತು. ಆ ಇನ್ನಿಂಗ್ಸ್‌ನಲ್ಲಿ ನಾಲ್ಕು ರನ್ ಗಳಿಸಿತು. ಬರ್ಕ್ ಅವರ ಹಿಟ್ ಸ್ಕೋರನ್ನು ಸಮಗೊಳಿಸಿದರೆ ಡ್ರೈಲಿಂಗ್ ಅವರ ಹಿಟ್ 12-11ರ ಗೆಲುವು ತಂದಿತು.

ಆ ರಾತ್ರಿ ಸೋತಿದ್ದರೆ, ಮುಂದಿನ ನಾಲ್ಕು ಪಂದ್ಯಗಳನ್ನು ಸತತವಾಗಿ ಗೆದ್ದ ಹೊರತು ಟೆನ್ನೆಸ್ಸೀಗೆ ಫೈನಲ್ ಸಿಗುತ್ತಿರಲಿಲ್ಲ. ಗೆದ್ದದ್ದರಿಂದ ನಾರ್ತ್ ಕ್ಯಾರೊಲಿನಾ (6-1) ಮತ್ತು ಮತ್ತೊಮ್ಮೆ ಫ್ಲಾರಿಡಾ ಸ್ಟೇಟ್ (7-2) ವಿರುದ್ಧದ ಎರಡು ಗೆಲುವುಗಳೇ ಸಾಕಾದವು, ಪಿಚರ್‌ಗಳಿಗೆ ವಿಶ್ರಾಂತಿಯೂ ದೊರೆಯಿತು. ಹಿಂದೆ ಹೇಳಿದ ಸಾಧ್ಯತೆಯ ಲೆಕ್ಕ ಒಂದೇ ಇನ್ನಿಂಗ್ಸ್‌ನಲ್ಲಿ ಹೇಗೆ ತಿರುಗಿತೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಸಿಗದು.

ಫೈನಲ್

ಫೈನಲ್‌ನಲ್ಲಿ ಎದುರಾದ ಟೆಕ್ಸಸ್ ಎ ಅಂಡ್ ಎಮ್ ತಂಡದ ತರಬೇತುದಾರ ಜಿಮ್ ಶ್ಲಾಸ್‌ನೇಗಲ್ ಅವರು, ವಿಟೆಲ್ಲೊ ಟೆಕ್ಸಸ್ ಕ್ರಿಶ್ಚಿಯನ್‌ನಲ್ಲಿ ಸಹಾಯಕರಾಗಿದ್ದಾಗ ಅಲ್ಲಿನ ಮುಖ್ಯ ತರಬೇತುದಾರರಾಗಿದ್ದವರು. ಎಲಾಂಡರ್ ಆ ವಿಶ್ವವಿದ್ಯಾಲಯದ ಆಟಗಾರರಾಗಿದ್ದವರು. ಹೀಗಾಗಿ ಇದನ್ನು ಗುರು-ಶಿಷ್ಯರ ಫೈನಲ್ ಎನ್ನಬಹುದು. ಎ ಅಂಡ್ ಎಮ್ ತಂಡವು ತನ್ನ ಪ್ರಮುಖ ಬ್ಯಾಟರ್ ಬ್ರೇಡನ್ ಮಾಂಟ್‌ಗಮರಿ ಅವರಿಲ್ಲದೆ ಆಡಿತು. ಸೂಪರ್ ರೀಜನಲ್‌ನಲ್ಲಿ ಅವರ ಕಾಲಿನ ಮೂಳೆ ಮುರಿದಿತ್ತು. ಫೈನಲ್‌ನ ಅಂತರ ಎಷ್ಟು ಕಿರಿದಾಗಿತ್ತೆಂಬುದನ್ನು ನೋಡಿದಾಗ ಈ ಗೈರುಹಾಜರಿಯನ್ನು ಕಡೆಗಣಿಸಲಾಗದು.

ಜೂನ್ 22ರ ಮೊದಲ ಪಂದ್ಯವನ್ನು ಎ ಅಂಡ್ ಎಮ್ 9-5ರಿಂದ ಗೆದ್ದಿತು. ಮರುದಿನ ಡ್ರೂ ಬೀಮ್ ಅವರು ಪಿಚಿಂಗ್ ಆರಂಭಿಸಿದ ಪಂದ್ಯದಲ್ಲಿ ಏಳನೆಯ ಇನ್ನಿಂಗ್ಸ್‌ವರೆಗೂ ಟೆನ್ನೆಸ್ಸೀ 1-0ರಿಂದ ಹಿಂದಿತ್ತು. ಡ್ರೈಲಿಂಗ್ ಎರಡು ರನ್‌ಗಳ ಹೋಮ್ ರನ್ ಹೊಡೆದು ಮುನ್ನಡೆ ತಂದರು. ಒಮಾಹಾದಲ್ಲಿ ಅದುವರೆಗೆ ಬ್ಯಾಟಿಂಗ್‌ನಲ್ಲಿ ಪರದಾಡುತ್ತಿದ್ದ ಕ್ಯಾಚರ್ ಕ್ಯಾಲ್ ಸ್ಟಾರ್ಕ್ ಎಂಟನೆಯ ಇನ್ನಿಂಗ್ಸ್‌ನಲ್ಲಿ ಇನ್ನೆರಡು ರನ್‌ಗಳ ಹೋಮ್ ರನ್ ಸೇರಿಸಿದರು. ಫಲಿತಾಂಶ 4-1.

ಜೂನ್ 24ರ ನಿರ್ಣಾಯಕ ಪಂದ್ಯವನ್ನು ಮೂರ್ ಮೊದಲ ಬ್ಯಾಟರ್ ಆಗಿ ಬಂದು ಹೋಮ್ ರನ್‌ನೊಂದಿಗೆ ಆರಂಭಿಸಿದರು. ಎಡಗೈ ಪಿಚರ್ ಝಾಂಡರ್ ಸೀಕ್ರಿಸ್ಟ್ ಆರನೆಯ ಇನ್ನಿಂಗ್ಸ್‌ವರೆಗೆ ಎದುರಾಳಿಗಳನ್ನು ಒಂದೇ ರನ್‌ಗೆ ಕಟ್ಟಿಹಾಕಿದರು. ಏಳನೆಯ ಇನ್ನಿಂಗ್ಸ್‌ನಲ್ಲಿ ಡ್ರೈಲಿಂಗ್ ಮತ್ತೊಂದು ಹೋಮ್ ರನ್ ಬಾರಿಸಿದರು. ಅದೇ ಇನ್ನಿಂಗ್ಸ್‌ನಲ್ಲಿ ಟಿಯರ್ಸ್ ಅವರ ಡಬಲ್‌ಗೆ ಹಂಟರ್ ಎನ್ಸ್ಲಿ ಹೋಮ್ ಪ್ಲೇಟ್‌ನತ್ತ ಧಾವಿಸಿದರು. ಚೆಂಡು ಅವರಿಗಿಂತ ಮೊದಲೇ ಕ್ಯಾಚರ್ ಕೈ ಸೇರಿದ್ದರೂ, ಮೈ ತಿರುಚಿ ಅವರ ಸ್ಪರ್ಶದಿಂದ ತಪ್ಪಿಸಿಕೊಂಡು ಪ್ಲೇಟನ್ನು ಮುಟ್ಟಿದರು. ಸ್ಕೋರು 6-1 ಆಯಿತು. ಎ ಅಂಡ್ ಎಮ್ ಕೊನೆಯ ಎರಡು ಇನ್ನಿಂಗ್ಸ್‌ಗಳಲ್ಲಿ ಅದನ್ನು 6-5ಕ್ಕೆ ತಂದಿತು. ಏರನ್ ಕೋಂಬ್ಸ್ ಕೊನೆಯ ಬ್ಯಾಟರ್‌ನನ್ನು ಸ್ಟ್ರೈಕ್ ಔಟ್ ಮಾಡಿದಾಗ ಪಂದ್ಯ ಮುಗಿಯಿತು. ಎನ್ಸ್ಲಿ ಆ ಒಂದು ಜಾರುವಿಕೆಯಲ್ಲಿ ಔಟ್ ಆಗಿದ್ದರೆ ಸ್ಕೋರು ಸಮನಾಗಿರುತ್ತಿತ್ತೆಂಬುದನ್ನು ಆಮೇಲಷ್ಟೇ ಎಲ್ಲರೂ ಲೆಕ್ಕಹಾಕಿದರು. ಮೂರೂ ಫೈನಲ್ ಪಂದ್ಯಗಳಲ್ಲಿ ಹೋಮ್ ರನ್ ಬಾರಿಸಿದ ಮೊದಲ ಆಟಗಾರರಾದ ಡ್ರೈಲಿಂಗ್ ಅವರಿಗೆ ಸರಣಿಶ್ರೇಷ್ಠ ಗೌರವ ದೊರೆಯಿತು.

ಮರುದಿನವೇ ಶ್ಲಾಸ್‌ನೇಗಲ್ ಅವರು ಎ ಅಂಡ್ ಎಮ್ ತೊರೆದು ಅದರ ಪರಮ ಎದುರಾಳಿಯಾದ ಟೆಕ್ಸಸ್ ವಿಶ್ವವಿದ್ಯಾಲಯವನ್ನು ಸೇರಿದರು. ಸೋಲಿನ ಬಳಿಕದ ಪತ್ರಿಕಾಗೋಷ್ಠಿಯಲ್ಲಿ ಇದೇ ಪ್ರಶ್ನೆ ಕೇಳಿದ ವರದಿಗಾರನ ಮೇಲೆ ಅವರು ಸಿಡುಕಿ ಒಂದು ದಿನವೂ ಕಳೆದಿರಲಿಲ್ಲ. ಆಟಗಾರರು ಹಣಕ್ಕಾಗಿ ತಂಡ ಬದಲಿಸುತ್ತಾರೆಂಬ ದೂರು ಪದೇ ಪದೇ ಕೇಳಿಬರುವ ಕಾಲದಲ್ಲಿ ತರಬೇತುದಾರರ ಈ ಬಗೆಯ ಚಲನೆಗೆ ಎಂದೂ ನಿರ್ಬಂಧವಿರಲಿಲ್ಲವೆಂಬುದನ್ನು ಈ ಘಟನೆ ನೆನಪಿಸಿತು.

ಯಶಸ್ಸಿನ ಕಾರಣಗಳ ಚರ್ಚೆ

2019ರಿಂದ 2025ರವರೆಗೆ ನಡೆದ ಆರು ಪಂದ್ಯಾವಳಿಗಳನ್ನೂ ಎಸ್‌ಇಸಿ ತಂಡಗಳೇ ಗೆದ್ದಿವೆ: ವಾಂಡರ್‌ಬಿಲ್ಟ್, ಮಿಸಿಸಿಪಿ ಸ್ಟೇಟ್, ಮಿಸಿಸಿಪಿ, ಎಲ್‌ಎಸ್‌ಯು, ಟೆನ್ನೆಸ್ಸೀ, ಮತ್ತೆ ಎಲ್‌ಎಸ್‌ಯು. ಆದ್ದರಿಂದ ಟೆನ್ನೆಸ್ಸೀಯ ಯಶಸ್ಸನ್ನು ಆ ತಂಡದ ಗುಣದಿಂದಷ್ಟೇ ವಿವರಿಸಲು ಬರುವುದಿಲ್ಲ.

ಮೊದಲ ಕಾರಣ ವೃತ್ತಿಪರ ಬೇಸ್‌ಬಾಲ್‌ನಲ್ಲಾದ ಬದಲಾವಣೆ. ಮೇಜರ್ ಲೀಗ್ ತಂಡಗಳು ಪ್ರತಿ ವರ್ಷ ಹೊಸ ಆಟಗಾರರನ್ನು ಆರಿಸಿಕೊಳ್ಳುವ 'ಡ್ರಾಫ್ಟ್' 2019ರವರೆಗೆ 40 ಸುತ್ತುಗಳದ್ದಾಗಿತ್ತು. ಕೋವಿಡ್ ವರ್ಷದಲ್ಲಿ 5ಕ್ಕೆ ಇಳಿದ ಅದು 2021ರಿಂದ 20ರಲ್ಲಿ ನಿಂತಿತು. ಅದೇ ವರ್ಷ ಮೇಜರ್ ಲೀಗ್‌ನೊಂದಿಗೆ ಸಂಯೋಜಿತವಾದ ಕೆಳಹಂತದ ತಂಡಗಳ ಸಂಖ್ಯೆಯನ್ನು 160ರಿಂದ 120ಕ್ಕೆ ಕಡಿತಗೊಳಿಸಲಾಯಿತು. ಹದಿನೆಂಟರ ಹರೆಯದಲ್ಲಿ ನೇರವಾಗಿ ವೃತ್ತಿಗಿಳಿಯುತ್ತಿದ್ದ ನೂರಾರು ಹುಡುಗರಿಗೆ ಆ ಬಾಗಿಲು ಮುಚ್ಚಿ, ಕಾಲೇಜೇ ದಾರಿಯಾಯಿತು. ಕಾಲೇಜು ಬೇಸ್‌ಬಾಲ್‌ನ ಒಟ್ಟು ಮಟ್ಟ ಏರಿದ್ದಕ್ಕೆ ಇದೇ ಮುಖ್ಯ ಕಾರಣವೆನ್ನಬಹುದು. ಆದರೂ ಹಣದ ಚರ್ಚೆಯ ಅಬ್ಬರದಲ್ಲಿ ಇದು ಹಿಂದೆ ಸರಿಯುತ್ತದೆ.

ಎರಡನೆಯದು ವರ್ಗಾವಣೆ. 2021ರವರೆಗೆ ಬೇಸ್‌ಬಾಲ್ ಆಟಗಾರನೊಬ್ಬ ವಿಶ್ವವಿದ್ಯಾಲಯ ಬದಲಿಸಿದರೆ ಸಾಮಾನ್ಯವಾಗಿ ಒಂದು ವರ್ಷ ಆಡದೆ ಕುಳಿತಿರಬೇಕಿತ್ತು. 2021ರಲ್ಲಿ ಒಮ್ಮೆಯ ವರ್ಗಾವಣೆಗೆ ಈ ನಿರ್ಬಂಧ ತೆರವಾಯಿತು. 2024ರ ಏಪ್ರಿಲ್‌ನಲ್ಲಿ, ವ್ಯಾಸಂಗದ ಅರ್ಹತೆ ಉಳಿಸಿಕೊಂಡವರಿಗೆ ಎಷ್ಟು ಬಾರಿಯಾದರೂ ವರ್ಗವಾಗುವ ಅವಕಾಶ ದೊರೆಯಿತು.

ಮೂರನೆಯದು ಹಣ. 2021ರ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಚಿತ್ರ ಮತ್ತು ವ್ಯಕ್ತಿತ್ವದ ವಾಣಿಜ್ಯ ಬಳಕೆಗೆ ಸಂಭಾವನೆ ಪಡೆಯಬಹುದೆಂದು ಎನ್‌ಸಿಎಎ ಒಪ್ಪಿತು. ಅಭಿಮಾನಿ ಉದ್ಯಮಿಗಳು ಕೂಡಿ ಕಟ್ಟಿದ ನಿಧಿಗಳು ಈ ಹೆಸರಿನಲ್ಲಿ ಆಟಗಾರರಿಗೆ ಹಣ ನೀಡತೊಡಗಿದವು. ಟೆನ್ನೆಸ್ಸೀ ಇಲ್ಲಿ ಬರೀ ಫಲಾನುಭವಿಯಾಗಿರಲಿಲ್ಲ, ಕದನದ ಮುಂಚೂಣಿಯಲ್ಲಿತ್ತು. ಇಂಥ ಪಾವತಿಗಳ ಬಗ್ಗೆ ಎನ್‌ಸಿಎಎ ಟೆನ್ನೆಸ್ಸೀ ವಿಶ್ವವಿದ್ಯಾಲಯದ ತನಿಖೆಗಿಳಿದಾಗ, 2024ರ ಜನವರಿ 31ರಂದು ಟೆನ್ನೆಸ್ಸೀ ಮತ್ತು ವರ್ಜೀನಿಯಾ ರಾಜ್ಯಗಳ ಅಟಾರ್ನಿ ಜನರಲ್‌ಗಳು ಎನ್‌ಸಿಎಎ ವಿರುದ್ಧ ಮೊಕದ್ದಮೆ ಹೂಡಿದರು. ಫೆಬ್ರವರಿ 23ರಂದು, ಬೇಸ್‌ಬಾಲ್ ಋತು ಆರಂಭವಾಗಿ ಒಂದು ವಾರ ಕಳೆದಿದ್ದಾಗ, ಸೇರ್ಪಡೆಗೆ ಮುನ್ನ ಇಂಥ ಒಪ್ಪಂದಗಳ ಮಾತುಕತೆ ನಡೆಸುವುದನ್ನು ತಡೆಯುವ ನಿಯಮಗಳಿಗೆ ಫೆಡರಲ್ ನ್ಯಾಯಾಲಯ ತಡೆಯಾಜ್ಞೆ ನೀಡಿತು. ತನಿಖೆಯ ಕೇಂದ್ರದಲ್ಲಿದ್ದುದು ಫುಟ್‌ಬಾಲ್. ಆದರೆ ಆದೇಶ ಎಲ್ಲ ಆಟಗಳಿಗೂ ಅನ್ವಯಿಸಿತು.

ಹಾಗಿದ್ದರೆ 2024ರ ತಂಡ ಹಣದಿಂದ ಕೊಂಡ ತಂಡವೇ? ಆಟಗಾರರ ಮೂಲವನ್ನು ಪರಿಶೀಲಿಸಿದರೆ ಅಷ್ಟು ಸುಲಭವಾಗಿ ಹೌದೆನ್ನಲಾಗದು. ಏಮಿಕ್ ಕ್ಲೆಮ್ಸನ್‌ನಿಂದ, ಪಿಚರ್‌ಗಳಾದ ಎ. ಜೆ. ಕಾಸಿ ಜಾಕ್ಸನ್‌ವಿಲ್ ಸ್ಟೇಟ್‌ನಿಂದ, ನೇಟ್ ಸ್ನೀಡ್ ವಿಚಿಟಾ ಸ್ಟೇಟ್‌ನಿಂದ ಬಂದವರು ನಿಜ. ಅವರಿಲ್ಲದೆ 60 ಗೆಲುವುಗಳು ಕಷ್ಟವಿದ್ದವು. ಆದರೆ ಮೂರ್, ಬರ್ಕ್, ಡ್ರೈಲಿಂಗ್, ಟಿಯರ್ಸ್, ಬೀಮ್, ಸೀಕ್ರಿಸ್ಟ್, ಎನ್ಸ್ಲಿ ಇವರೆಲ್ಲ ಪ್ರೌಢಶಾಲೆಯಿಂದ ನೇರವಾಗಿ ನಾಕ್ಸ್‌ವಿಲ್‌ಗೆ ಬಂದು ಅಲ್ಲಿಯೇ ಬೆಳೆದವರು. 20 ಹೋಮ್ ರನ್ ದಾಟಿದ ಐವರಲ್ಲಿ ವರ್ಗವಾಗಿ ಬಂದವರು ಒಬ್ಬರೇ. ನಿರ್ಣಾಯಕ ಪಂದ್ಯದ ಮುಖ್ಯ ಘಟನೆಗಳಲ್ಲಿ ಕಾಣುವ ಹೆಸರುಗಳೂ ಬಹುತೇಕ ಈ ಎರಡನೆಯ ಗುಂಪಿನವೇ. ಬೆಳೆಸಿದ ತಂಡದಲ್ಲಿ ಉಳಿದ ಬಿರುಕುಗಳನ್ನು ಹೊರಗಿನಿಂದ ತಂದವರಿಂದ ತುಂಬಿಸಿದ್ದು ಎಂಬ ವಿವರಣೆ ಸತ್ಯಕ್ಕೆ ಹೆಚ್ಚು ಹತ್ತಿರ. ಹಾಗೆ ಬೆಳೆದವರು ಬೇರೆಡೆಗೆ ಹೋಗದೆ ಉಳಿದುದರಲ್ಲಿ ಹಣದ ಪಾತ್ರವಿಲ್ಲವೆಂದೂ ಇದರಿಂದ ಸಿದ್ಧವಾಗುವುದಿಲ್ಲ.

ಇದಕ್ಕೆ ಹೋಲಿಸಿದರೆ 2025ರ ಟೆನ್ನೆಸ್ಸೀ ತಂಡವು ವರ್ಗಾವಣೆಯನ್ನು ಹೆಚ್ಚು ಅವಲಂಬಿಸಿತ್ತು. ಮಿಸಿಸಿಪಿಯಿಂದ ಬಂದ ಲಿಯಾಮ್ ಡಾಯ್ಲ್ ಮತ್ತು ಆಂಡ್ರೂ ಫಿಷರ್, ಲೂಯಿವಿಲ್‌ನಿಂದ ಬಂದ ಗ್ಯಾವಿನ್ ಕಿಲೆನ್ ಮೂವರೂ ಆ ವರ್ಷದ ಡ್ರಾಫ್ಟ್‌ನ ಮೊದಲ 20 ಸ್ಥಾನಗಳೊಳಗೆ ಆಯ್ಕೆಯಾದರು. ಆ ತಂಡ ಸೂಪರ್ ರೀಜನಲ್‌ನಲ್ಲಿ ಆರ್ಕನ್ಸಾಗೆ ಸೋತು ನಿಂತಿತು.

ಸಣ್ಣ ವಿಶ್ವವಿದ್ಯಾಲಯಗಳ ಸ್ಥಿತಿ

ಕಾಲೇಜು ಬೇಸ್‌ಬಾಲ್‌ನ ಸೊಗಸೆಂದು ಹಲವರು ಭಾವಿಸುವುದು ಅನಿರೀಕ್ಷಿತ ವಿಜೇತರನ್ನು. 2008ರಲ್ಲಿ ರೀಜನಲ್‌ನ ನಾಲ್ಕನೆಯ ಶ್ರೇಯಾಂಕದ ಫ್ರೆಸ್ನೊ ಸ್ಟೇಟ್ ಋತುವಿಡೀ 31 ಪಂದ್ಯ ಸೋತೂ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. 2016ರಲ್ಲಿ ಮೊದಲ ಬಾರಿ ಒಮಾಹಾ ತಲುಪಿದ ಕೋಸ್ಟಲ್ ಕ್ಯಾರೊಲಿನಾ ಪ್ರಶಸ್ತಿಯೊಂದಿಗೆ ಮರಳಿತು. ಸಣ್ಣ ಸಂಸ್ಥೆಯೊಂದು ಮೂರು-ನಾಲ್ಕು ವರ್ಷ ಒಂದೇ ಗುಂಪನ್ನು ಕಾಪಾಡಿಕೊಂಡು, ಅನುಭವಿಗಳ ತಂಡವನ್ನು ಕಟ್ಟುವುದೇ ಇಂಥ ಗೆಲುವುಗಳ ಹಿಂದಿದ್ದ ಮಾದರಿ. ನಿರ್ಬಂಧವಿಲ್ಲದ ವರ್ಗಾವಣೆ ಈ ಮಾದರಿಯ ಬುಡವನ್ನೇ ಅಲುಗಿಸುತ್ತದೆ. ಎರಡು ವರ್ಷ ಚೆನ್ನಾಗಿ ಆಡಿದವನಿಗೆ ದೊಡ್ಡ ಸಂಸ್ಥೆಯಿಂದ ಕರೆ ಬರುತ್ತದೆ.

2025ರ ಜೂನ್ 6ರಂದು ಫೆಡರಲ್ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಅನುಮೋದಿಸಿದ 'ಹೌಸ್' ಒಪ್ಪಂದವು ಅಂತರವನ್ನು ಇನ್ನಷ್ಟು ಹಿಗ್ಗಿಸುವ ಸಾಧ್ಯತೆಯಿದೆ. ಅದರಂತೆ 2025-26ರಲ್ಲಿ ಪ್ರತಿ ವಿಶ್ವವಿದ್ಯಾಲಯ ತನ್ನ ಆಟಗಾರರಿಗೆ ನೇರವಾಗಿ 2.05 ಕೋಟಿ ಡಾಲರ್‌ವರೆಗೆ ಹಂಚಬಹುದು. ಬೇಸ್‌ಬಾಲ್‌ಗೆ ಇದ್ದ 11.7 ಪೂರ್ಣ ವಿದ್ಯಾರ್ಥಿವೇತನಗಳ ಮಿತಿ ರದ್ದಾಯಿತು. ಅದರ ಬದಲು ತಂಡದಲ್ಲಿ 34ಕ್ಕಿಂತ ಹೆಚ್ಚು ಆಟಗಾರರಿರಬಾರದೆಂಬ ಮಿತಿ ಬಂದಿತು. ಹಿಂದೆ 11.7ನ್ನು ಹತ್ತಾರು ಆಟಗಾರರಿಗೆ ತುಣುಕುಗಳಾಗಿ ಹಂಚಲಾಗುತ್ತಿತ್ತು, ಹೆಚ್ಚಿನವರು ಶುಲ್ಕದ ದೊಡ್ಡ ಪಾಲನ್ನು ತಾವೇ ಭರಿಸುತ್ತಿದ್ದರು. ಈಗ ಹಣವುಳ್ಳ ವಿಶ್ವವಿದ್ಯಾಲಯ 34 ಮಂದಿಗೂ ಪೂರ್ಣ ವೇತನ ಕೊಡಬಹುದು. ಬಡ ಹಾಗೂ ಮಧ್ಯಮ ವರ್ಗದ ಕುಟುಂಬಗಳ ಆಟಗಾರರಿಗೆ ಇದು ನಿಜವಾದ ಲಾಭ. ಅದೇ ವೇಳೆ, ಅದನ್ನು ಭರಿಸಲಾಗದ ಸಂಸ್ಥೆಗಳಿಗೆ ಸ್ಪರ್ಧೆ ಮತ್ತಷ್ಟು ದುಬಾರಿ.

ಆದರೂ ಸಣ್ಣ ತಂಡಗಳ ಕಾಲ ಮುಗಿಯಿತೆಂಬ ತೀರ್ಮಾನ ಅವಸರದ್ದು. 2025ರಲ್ಲಿ ನಾಲ್ಕನೆಯ ಶ್ರೇಯಾಂಕದ ಮರ್ರೆ ಸ್ಟೇಟ್ ಒಮಾಹಾ ತಲುಪಿತು. ಕೋಸ್ಟಲ್ ಕ್ಯಾರೊಲಿನಾ ಸತತ 26 ಗೆಲುವುಗಳೊಂದಿಗೆ ಫೈನಲ್‌ಗೆ ಬಂದು ಎಲ್‌ಎಸ್‌ಯುಗೆ ಶರಣಾಯಿತು.

ನಂತರದ ಬೆಳವಣಿಗೆಗಳು

2024ರ ಜುಲೈನ ಡ್ರಾಫ್ಟ್‌ನಲ್ಲಿ ಮೂರ್ ಅವರನ್ನು ಲಾಸ್ ಏಂಜಲಿಸ್ ಏಂಜಲ್ಸ್ ತಂಡ 8ನೆಯವರಾಗಿ ಆರಿಸಿಕೊಂಡಿತು. ಬರ್ಕ್ (34) ಮಿಲ್ವಾಕೀ ಬ್ರೂವರ್ಸ್‌ಗೆ, ಏಮಿಕ್ (60) ಮಿನೆಸೋಟಾ ಟ್ವಿನ್ಸ್‌ಗೆ, ಡ್ರೈಲಿಂಗ್ (65) ಟೆಕ್ಸಸ್ ರೇಂಜರ್ಸ್‌ಗೆ, ಬೀಮ್ (76) ಕ್ಯಾನ್ಸಸ್ ಸಿಟಿ ರಾಯಲ್ಸ್‌ಗೆ ಆಯ್ಕೆಯಾದರು. ಮೂರ್ ಒಂದು ವರ್ಷದೊಳಗೆ, 2025ರ ಜೂನ್‌ನಲ್ಲಿ, ಮೇಜರ್ ಲೀಗ್‌ಗೆ ಪದಾರ್ಪಣೆ ಮಾಡಿದರು.

2025ರ ಅಕ್ಟೋಬರ್ 22ರಂದು ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ತಂಡವು ವಿಟೆಲ್ಲೊ ಅವರನ್ನು ತನ್ನ ವ್ಯವಸ್ಥಾಪಕರನ್ನಾಗಿ ನೇಮಿಸಿತು. (ಬೇಸ್‌ಬಾಲ್‌ನಲ್ಲಿ ಮೈದಾನದಲ್ಲಿ ತಂಡವನ್ನು ಮುನ್ನಡೆಸುವ ಪ್ರಧಾನ ತರಬೇತುದಾರರನ್ನೇ ಮ್ಯಾನೇಜರ್ ಎನ್ನುವುದು ರೂಢಿ.) ವೃತ್ತಿಪರ ಬೇಸ್‌ಬಾಲ್‌ನಲ್ಲಿ ಆಟಗಾರನಾಗಿಯೂ ತರಬೇತುದಾರನಾಗಿಯೂ ಅನುಭವವಿಲ್ಲದ ಕಾಲೇಜು ತರಬೇತುದಾರರೊಬ್ಬರು ನೇರವಾಗಿ ಮೇಜರ್ ಲೀಗ್ ತಂಡವೊಂದರ ವ್ಯವಸ್ಥಾಪಕರಾದದ್ದು ಇದೇ ಮೊದಲು. ಈ ನಿರ್ಧಾರ ಕೈಗೊಂಡ ಜೈಂಟ್ಸ್‌ನ ಬೇಸ್‌ಬಾಲ್ ವಿಭಾಗದ ಅಧ್ಯಕ್ಷ ಬಸ್ಟರ್ ಪೋಸಿ ಅವರು, 2024ರಲ್ಲಿ ಒಮಾಹಾದಲ್ಲಿ ಟೆನ್ನೆಸ್ಸೀಗೆ ಎರಡು ಬಾರಿ ಸೋತ ಫ್ಲಾರಿಡಾ ಸ್ಟೇಟ್‌ನ ಹಳೆಯ ಆಟಗಾರರು. ನಾಕ್ಸ್‌ವಿಲ್‌ನಲ್ಲಿ ವಿಟೆಲ್ಲೊ ಅವರ ಸ್ಥಾನಕ್ಕೆ ಜಾಶ್ ಎಲಾಂಡರ್ ಅವರನ್ನು ನೇಮಿಸಲಾಯಿತು.